ಹುಲಿಗೆಪ್ಪನ ಗುರಾಣಿ ಅಳಿಸಿದವಳು ನಾನೇ

ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದೆ. ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿದೆ. ಬಾಗಿಲಿಗೆ ರಂಗೋಲಿ ಬಿಟ್ಟೆ. ಹದಿನೈದು ಅಕ್ಕಿ ರೊಟ್ಟಿ ತಟ್ಟಿದೆ, ಹನ್ನೊಂದು ಖರ್ಚಾಯಿತು. ನಮ್ಮ ಮನೆಯವರ ಎರಡು ಶರ್ಟಿಗೆ ಗುಂಡಿ ಹೊಲಿದೆ. ಫ್ರಿಜ್ಜಿನ ಮೂಲೆಯಲ್ಲಿದ್ದ, ಏನೆಂದು ಯಾರಿಗೂ ನೆನಪಿಲ್ಲದ ಡಬ್ಬಿಯನ್ನು ತೆರೆದು ನೋಡದೆ ಎಸೆದೆ. ಹನ್ನೊಂದಕ್ಕೆ ಲ್ಯಾಪ್‌ಟಾಪ್ ಕ್ಲೀನ್ ಮಾಡಲು ಕೂತೆ. ಹನ್ನೆರಡರ ಹೊತ್ತಿಗೆ ಒಬ್ಬ ವೀರನ ಗುರಾಣಿಯನ್ನು ಹೇಳಹೆಸರಿಲ್ಲದಂತೆ ಅಳಿಸಿ ಹಾಕಿದ್ದೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾಗಸಂದ್ರದ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಭಾನುವಾರ ನಾಲ್ಕು ಗಂಟೆಗೆ ಒಂದು ಆಟ ನಡೆಯುತ್ತದೆ. ಎಂಜಿನಿಯರಿಂಗ್ ಓದುವ ಮಗಳು ಕಾವ್ಯ ತಂದು ಹಚ್ಚಿದ ಗೀಳು. ಅವಳು ಕಥೆ ನಡೆಸುತ್ತಾಳೆ. ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಾಡು ಗುಹೆ ಸುತ್ತಿ, ಇಪ್ಪತ್ತು ಮುಖದ ದಾಳ ಉರುಳಿಸಿ, ರಾಕ್ಷಸರ ಜೊತೆ ಬಡಿದಾಡುತ್ತೇವೆ. ನಾನು ಮಂತ್ರವಾದಿ. ಇವರು ಬಿಲ್ಲುಗಾರ. (ಅವರ ಸರದಿ ಬರುವಷ್ಟರಲ್ಲಿ ಬಿಲ್ಲುಗಾರನಿಗೆ ನಿದ್ದೆ ಹತ್ತಿರುತ್ತದೆ. ನಮ್ಮ ಮನೆಯಲ್ಲಿ ಮೊದಲು ಮಲಗುವವರು ಯಾವತ್ತೂ ಇವರೇ.) ನಾಲ್ಕನೆಯವನು ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಮಲ್ಲಪ್ಪ. ಬಾಗಲಕೋಟೆ ಕಡೆಯವನು, ಪೀಣ್ಯದಲ್ಲಿ ಲೇತ್ ಆಪರೇಟರ್. ಒಂದು ಸಲ ಸ್ಕ್ರೂಡ್ರೈವರ್ ಕೇಳಲು ಬಂದವನು ಆಟ ನೋಡುತ್ತಾ ಕೂತ. ಆಮೇಲೆ ಏಳಲೇ ಇಲ್ಲ.

ಅವನ ಪಾತ್ರದ ಹೆಸರು ಹುಲಿಗೆಪ್ಪ. ಮೀಸೆಯಿರುವ ಪೈಲ್ವಾನ.

ಪಾತ್ರಗಳ ಬಲ, ಆಯುಧ, ಗಾಯ ಎಲ್ಲವನ್ನೂ ಲ್ಯಾಪ್‌ಟಾಪಿನ ಒಂದು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುತ್ತದೆ. ಅದರಲ್ಲಿ ಕಂಪನಿಯವರು ಕೊಟ್ಟ ಕತ್ತಿ, ಕೊಡಲಿ ಇರುತ್ತವೆ. ಸಾಲದಿದ್ದರೆ ನಾವೇ ಹೊಸದು ಮಾಡಿ ಸೇರಿಸಬಹುದು. ಹಾಗೆ ಸೇರಿಸಿದ್ದಕ್ಕೆಲ್ಲ ‘ಸೋರ್ಸ್’ ಎಂದು ಒಂದು ಹೆಸರು ಕೊಡಬೇಕು. ಹೆಸರಿನ ಮುಂದೆ ಟಿಕ್ ಹಾಕಿದರೆ ಅದರೊಳಗಿನ ಸಾಮಾನು ಆಟಕ್ಕೆ ಸಿಗುತ್ತದೆ, ತೆಗೆದರೆ ಇಲ್ಲ. ಅಷ್ಟೇ. ಒಂದರ್ಥದಲ್ಲಿ ಮಸಾಲೆ ಡಬ್ಬಿಗೆ ಅಂಟಿಸುವ ಚೀಟಿ.

ನಮ್ಮ ಚೀಟಿಗಳು ಹೇಗಿದ್ದವು ಗೊತ್ತೇ? ‘ಹೊಸದು’. ‘ಹೊಸದು ಎರಡು’. ‘ಫೈನಲ್’. ‘ನಿಜವಾದ ಫೈನಲ್’. ‘ಟೆಸ್ಟ್, ಮುಟ್ಬೇಡಿ’. ಇಪ್ಪತ್ತಾರು ಸೋರ್ಸ್! ಒಂದು ಭರ್ಜಿ ಹುಡುಕಲು ಹತ್ತು ನಿಮಿಷ.

ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಹೆಂಗಸಿಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ? ಆಯುಧ ಪೂಜೆಗೆ ಮುಂಚೆ ರ‍್ಯಾಕ್ ರ‍್ಯಾಕ್ ಇಳಿಸಿ, ಒರೆಸಿ, ಸ್ಕ್ರ್ಯಾಪ್ ಸಾಗಿಸುವ ಕೈ ಇದು. ಸೆರಗು ಸಿಕ್ಕಿಸಿ ಕೂತೆ. ಯಾರು ಮಾಡಿದ್ದೋ ಅವರ ಹೆಸರಿನ ಸೋರ್ಸ್: ಕಾವ್ಯ, ಮಲ್ಲಪ್ಪ, ನಾನು, ಇವರು. ಇಪ್ಪತ್ತಾರು ಹೋಗಿ ನಾಲ್ಕಾಯಿತು. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಉದ್ದ ಪುಸ್ತಕದಲ್ಲಿ ಬರೆದುಕೊಂಡೆ. ಡಬಲ್ ಇದ್ದದ್ದನ್ನು ತೆಗೆದೆ. ‘ರೊಟ್ಟಿ’ ಎಂದು ಒಂದಿತ್ತು, ‘ರೊಟ್ಟಿ ಹೊಸದು’ ಎಂದು ಇನ್ನೊಂದು. ಎರಡು ಯಾಕೆ? ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಸ್ಕ್ರ್ಯಾಪ್ ಒಳಗಿಟ್ಟುಕೊಳ್ಳುವುದು ನಮ್ಮ ಪದ್ಧತಿಯಲ್ಲ.

ಮೂರೂವರೆಗೆ ಮಲ್ಲಪ್ಪ ಬಂದ. ಹೊಸ ಶರ್ಟು, ಹಣೆಗೆ ವಿಭೂತಿ. ಯಾಕೆಂದರೆ ಅವತ್ತು ಎರಡು ವರ್ಷದ ಕಥೆಯ ಕೊನೆಯ ಕಾಳಗ. ಎದುರಿಗೆ ಬೆಟ್ಟದ ರಾಕ್ಷಸ. ಸತ್ತ ಪಾತ್ರ ಸತ್ತಂತೆ, ಮತ್ತೆ ಬರುವುದಿಲ್ಲ, ಇದು ಕಾವ್ಯಳ ರೂಲು. ಅಪ್ಪ ಅಮ್ಮನಿಗೂ ವಿನಾಯಿತಿ ಇಲ್ಲ.

ಹುಲಿಗೆಪ್ಪನನ್ನು ತೆರೆದ. ಎಡಗೈ ಮುಂದೆ ಕೆಂಪಕ್ಷರ: ‘ಈ ವಸ್ತುವಿನ ಸೋರ್ಸ್ ಸಿಗುತ್ತಿಲ್ಲ.’

“ಅಕ್ಕಾರ, ನಮ್ಮ ಹುಲಿಗೆಪ್ಪನ ಢಾಲು ಎಲ್ಲಿ ಹೋತ್ರಿ?”

“ಯಾವ ಢಾಲು?”

“ರೊಟ್ಟೀರಿ! ರೊಟ್ಟಿ ಢಾಲು!”

ನಾನು ಪುಸ್ತಕ ತೆಗೆದು ಸಮಾಧಾನದಿಂದ ತೋರಿಸಿದೆ. “ಅದು ಡಬಲ್ ಇತ್ತು ಕಣಪ್ಪ. ಹೊಸದು ಇದೆ ನೋಡು.”

ಅವನು ಹೊಸದನ್ನು ಒತ್ತಿ ನೋಡಿದ. ಅದು ಕಾವ್ಯ ಮಾಡಿದ್ದು: ಅಕ್ಕಿ ರೊಟ್ಟಿ, ತಿಂದರೆ ಮೂರು ಗಾಯ ವಾಸಿ. ಅವನದ್ದು ಖಡಕ್ ಜೋಳದ ರೊಟ್ಟಿ. ಗುರಾಣಿ. ತಲೆಯೆತ್ತಿ ನನ್ನನ್ನು ನೋಡಿದ ನೋಟ ಇದೆಯಲ್ಲ, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾವ ಆಡಿಟರೂ ನನ್ನನ್ನು ಹಾಗೆ ನೋಡಿಲ್ಲ.

“ಅಕ್ಕಾರ... ಅಕ್ಕಿ ರೊಟ್ಟಿ, ಜ್ವಾಳದ ರೊಟ್ಟಿ ಎರಡೂ ಒಂದ ಅಂದ್ರೇನ್ರಿ?”

ನನಗೆ ನಾಚಿಕೆಯಾಯಿತು. ಒಂದೇ ದಪ್ಪದ ಎರಡು ಬೋಲ್ಟನ್ನು ಥ್ರೆಡ್ ಅಳೆಯದೆ ಒಂದೇ ಬಿನ್ನಿಗೆ ಹಾಕಿದವಳಲ್ಲ ನಾನು. ರೊಟ್ಟಿಯ ವಿಷಯದಲ್ಲಿ ಮಾತ್ರ ತೆರೆದೂ ನೋಡಲಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಒಂದೇ, ಹಾಗಾಗಿ ಲೋಕದಲ್ಲೂ ಒಂದೇ!

“ಮತ್ತೆ ಮಾಡೋಣ ಬಿಡು” ಎಂದೆ. ಆದರೆ ಅದು ಎಷ್ಟು ಏಟು ತಡೆಯುತ್ತಿತ್ತು? ಮಲ್ಲಪ್ಪ ಇಪ್ಪತ್ತು ಎಂದ. ಕಾವ್ಯ ಹನ್ನೆರಡು ಎಂದಳು.

“ಮಲ್ಲಪ್ಪಣ್ಣ, ನಂಗೆ ಚೆನ್ನಾಗಿ ನೆನಪಿದೆ.”

“ತಂಗೀ, ಎರಡು ವರ್ಷ ಕೈಯಾಗ ಹಿಡಿದಾಂವ ನಾ.”

“ಟೆಸ್ಟ್ ಮಾಡಿ ನೋಡ್ರಪ್ಪ” ಎಂದರು ಇವರು, ಕಣ್ಣು ಮುಚ್ಚಿಕೊಂಡೇ.

ಅದೂ ಸರಿಯೇ. ಮಾಲು ಬಂದರೆ ಇನ್ಸ್‌ಪೆಕ್ಷನ್ ಆಗಬೇಕು. ಮಲ್ಲಪ್ಪ ಮೇಲೆ ಓಡಿ, ಊರಿಂದ ಅವರವ್ವ ಕಳಿಸಿದ ಬಟ್ಟೆಗಂಟನ್ನೇ ಹೊತ್ತು ತಂದ. ನಾನು ಹೋಲಿಕೆಗಿರಲಿ ಎಂದು ಬೆಳಗಿನ ಅಕ್ಕಿ ರೊಟ್ಟಿ ತಂದೆ. ಎರಡು ಡಬ್ಬಿಯ ನಡುವೆ ಸೇತುವೆಯಂತೆ ರೊಟ್ಟಿಯಿಟ್ಟು, ಒಂದಡಿ ಮೇಲಿಂದ ಲಟ್ಟಣಿಗೆ ಬಿಡುವುದೆಂದಾಯಿತು.

ಮೊದಲು ಜೋಳದ್ದು. ಲಟ್ಟಣಿಗೆ ಬಿತ್ತು. ಟಪ್! ರೊಟ್ಟಿ ಮೂರು ಚೂರು.

ಆಮೇಲೆ ನನ್ನದು. ಲಟ್ಟಣಿಗೆ ಬಿತ್ತು, ಪುಟಿಯಿತು, ಸೋಫಾ ಕೆಳಗೆ ಉರುಳಿ ಹೋಯಿತು. ರೊಟ್ಟಿ ಇದ್ದ ಹಾಗೇ ಇತ್ತು.

ನಾನು ಲಟ್ಟಣಿಗೆ ಹುಡುಕುವ ನೆಪದಲ್ಲಿ ಸೋಫಾ ಕೆಳಗೆ ಬಗ್ಗಿದೆ. ಮಲ್ಲಪ್ಪ ಚೂರುಗಳನ್ನು ನೋಡುತ್ತಾ ನಿಂತ. ಒಂದೇ ಏಟಿಗೆ ಚೂರಾಗುವುದನ್ನು ಗುರಾಣಿ ಎನ್ನುವುದು ಹೇಗೆ? ಬರಿಗೈ ಹುಲಿಗೆಪ್ಪ ರಾಕ್ಷಸನ ಮೊದಲ ಏಟಿಗೇ ಹೋಗುವುದು ಖಾತ್ರಿ.

ಆಮೇಲೆ ಮೆಲ್ಲಗೆ ಹೇಳಿದ, “ತಂಗೀ, ಒಂದ ರೊಟ್ಟಿ ಯಾರು ತರ್ತಾರ? ನಮ್ಮವ್ವ ನಲವತ್ತ ಕಟ್ಟಿ ಕಳಸ್ತಾಳ.”

ಗಂಟು ಬಿಚ್ಚಿದ. ಒಂದರ ಮೇಲೊಂದು, ಗೇಣುದ್ದದ ಕಂಬ. ಎಣಿಸಿದರೆ ಇನ್ನೂ ಮೂವತ್ತೆರಡಿದ್ದವು. ಕಾವ್ಯಳ ಕಣ್ಣು ಅಗಲವಾಯಿತು. ಅಲ್ಲೇ ಹೊಸ ರೂಲು ಟೈಪ್ ಮಾಡಿದಳು: ಒಂದು ಏಟಿಗೆ ಒಂದು ರೊಟ್ಟಿ ಒಡೆಯುತ್ತದೆ, ಒಟ್ಟು ಮೂವತ್ತೆರಡು. ಸೋರ್ಸ್: ಮಲ್ಲಪ್ಪ. ಲೆಕ್ಕ ಇಡುವ ಕೆಲಸ ನನಗೆ ಬಂತು. (ಬೇರೆ ಯಾರಿಗೆ ಬರುತ್ತದೆ?)

ನಾಲ್ಕೂವರೆಗೆ ಕಾಳಗ ಶುರು. ರಾಕ್ಷಸ ಹೊಡೆದ, ಒಂದು ರೊಟ್ಟಿ ಕಡಿಮೆ. ಮತ್ತೆ ಹೊಡೆದ, ಇನ್ನೊಂದು. ನನ್ನ ಮಂತ್ರ ಮುಗಿಯಿತು. ಬಿಲ್ಲುಗಾರನ ಬಾಣವೂ ಮುಗಿಯಿತು (ಅವತ್ತು ಎಚ್ಚರವಾಗಿದ್ದರು!). ಏಳು ರೊಟ್ಟಿ ಉಳಿದಾಗ ಮಲ್ಲಪ್ಪ ದಾಳ ಕೆಳಗಿಟ್ಟ.

“ತಂಗೀ, ಒಡೆದ ರೊಟ್ಟಿ ಎಲ್ಲ ಎಲ್ಲಿ ಬಿದ್ದಾವು?”

“ಅವನ ಕಾಲ ಹತ್ರ.”

“ಹಂಗಾರ ಹುಲಿಗೆಪ್ಪ ಅದರ ಮ್ಯಾಲ ಶೇಂಗಾ ಚಟ್ನಿ ಉದರಸ್ತಾನ. ಎಣ್ಣಿ ಬಿಡ್ತಾನ. ‘ಬಾರಪಾ, ಮಧ್ಯಾಹ್ನದಿಂದ ಬಡದೀ, ಹೊಟ್ಟಿ ಹಸದಿರಬೇಕು, ಉಣ್ಣು’ ಅಂತಾನ.”

ಕಾವ್ಯ ಅವನನ್ನು ನೋಡಿದಳು. ಉಗುರು ಕಚ್ಚಿದಳು. “ಹದಿನೈದರ ಮೇಲೆ ಬಿದ್ರೆ ತಿಂತಾನೆ” ಎಂದಳು.

ಮಲ್ಲಪ್ಪ ದಾಳವನ್ನು ಕಣ್ಣಿಗೊತ್ತಿ ಎಸೆದ. ಹದಿನೆಂಟು.

ರಾಕ್ಷಸ ಇಪ್ಪತ್ತೈದು ರೊಟ್ಟಿಯ ಚೂರು ತಿಂದ, ಹುಲಿಗೆಪ್ಪ ಉಳಿದ. ನಾವೂ ಬಟ್ಟೆಗಂಟಿನ ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು, ಒಡೆದ ಮೂರು ಚೂರನ್ನೂ ಬಿಡದೆ ತಿಂದೆವು. ಅವತ್ತು ಹೊಟ್ಟೆ ತುಂಬಿ ಎಲ್ಲರಿಗಿಂತ ಮೊದಲು ಮಲಗಿದವನು ರಾಕ್ಷಸ. ನಮ್ಮ ಮನೆಯವರು ಮೊಟ್ಟಮೊದಲ ಸಲ ಎರಡನೆಯವರಾದರು.

ಅಕ್ಕಿ ರೊಟ್ಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಡಬ್ಬಿಯಲ್ಲಿವೆ, ಮೇಲೆ ಕಾವ್ಯ ಅಂಟಿಸಿದ ಚೀಟಿ: ‘ಗುರಾಣಿ. ಸೋರ್ಸ್: ಅಮ್ಮ.’