ಗುಡ್ಡದ ಮೇಲೆ ಕರೆದ ಹೆಸರು

ಎಪ್ಪತ್ತರ ದಶಕದ ಮಾತು. ಮದುವೆಯಾದ ಮೇಲಿನ ಮೊದಲ ಯುಗಾದಿ ಮುಗಿದ ಮರುದಿನ ನಮ್ಮ ಮನೆಯವರು ಗೆಳೆಯನ ಫಟಫಟಿ ತಂದು ಬಾಗಿಲ ಮುಂದೆ ನಿಲ್ಲಿಸಿ, "ಗುಡೇಕೋಟಿ ಕಡಿ ಗುಡ್ಡ ಹತ್ತಿ ಬರೋಣ, ನಡಿ" ಅಂದರು. ಗಂಡ ಹೆಂಡತಿ ಸುಮ್ಮನೆ ಗುಡ್ಡ ನೋಡಲು ಹೋಗುವುದೆಂದರೆ ಆಗಿನ ಕೂಡ್ಲಿಗಿಯಲ್ಲಿ ಓಣಿಗೆಲ್ಲ ನಗೆಪಾಟಲು. ಅತ್ತೆಯೊಬ್ಬರೇ ನಗಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಹಬ್ಬದಲ್ಲಿ ಉಳಿದ ಹೋಳಿಗೆ ಗಂಟು ಕಟ್ಟಿ ಕೊಟ್ಟು, "ಅಲ್ಲಿ ಕರಡಿ ಅದಾವ. ಒಬ್ಬರನ್ನೊಬ್ಬರು ಬಿಟ್ಟು ಅಡ್ಡಾಡಬ್ಯಾಡ್ರಿ" ಅಂದರು. ಮಗ ಚಿಕ್ಕವನಿದ್ದಾಗಲೇ ಗಂಡನನ್ನು ಕಳೆದುಕೊಂಡ ಹೆಂಗಸು, ಯಾರು ಹೊರಗೆ ಹೊರಟರೂ ಅವರಿಗೆ ಅಂಜಿಕೆ.

ಊರು ದಾಟುವವರೆಗೆ ನಾನು ಸೀಟಿನ ಹಿಂದಿನ ಕಂಬಿ ಹಿಡಿದಿದ್ದೆ. ದಾಟಿದ ಮೇಲೆ ಏನು ಹಿಡಿದೆ ಅಂತ ಬರೆಯುವುದಿಲ್ಲ. ದಾರಿಯುದ್ದಕ್ಕೂ ಬೇವಿನ ಹೂವಿನ ವಾಸನೆ, ಹೊಂಗೆಯ ಎಳೆ ಚಿಗುರು. ಮನೆಯಲ್ಲಿ ನಾಲ್ಕು ಮಾತಾಡಲು ಸಿಗದ ಮನುಷ್ಯ ಗಾಳಿಯಲ್ಲಿ ಏನೇನೋ ಕೂಗಿ ಹೇಳುತ್ತಿದ್ದರು. ಅರ್ಧ ಕೇಳಿಸದಿದ್ದರೂ ಎಲ್ಲದಕ್ಕೂ "ಹೂಂ" ಅಂದೆ. ಅಷ್ಟು ಸುಖವಾಗಿತ್ತು.

ಗಾಡಿ ಬುಡದಲ್ಲಿ ಬಿಟ್ಟು ಸೀತಾಫಲದ ಗಿಡಗಳ ನಡುವೆ ಹತ್ತಿದೆವು. ಕೆಳಗಿನಿಂದ ಬರೀ ಕಲ್ಲಾಗಿ ಕಾಣುವ ಆ ಗುಡ್ಡದ ನೆತ್ತಿ ಕಣದ ಹಾಗೆ ಸಪಾಟು, ಹರವಾದ ಬಯಲು. ಬಂಡೆಯ ನೆರಳಲ್ಲಿ ಕೂತು ಉಂಡೆವು. ನೀರು ತೀರಿತು. ಆಚೆ ಅಂಚಿನ ಬಂಡೆಗಳ ನಡುವೆ ದೊಣೆ ಇದೆ, ಮಳೆನೀರು ನಿಂತಿರುತ್ತದೆ ಅಂತ ಅವರು ಚೊಂಬು ಹಿಡಿದು ಹೋದರು. ನೆರಳು ನನ್ನ ಕಾಲು ಬಿಟ್ಟು ಸರಿಯಿತು, ಅವರು ಬರಲಿಲ್ಲ.

"ರೀ" ಅಂತ ಕರೆದೆ. ಮತ್ತೆ ಕರೆದೆ. ಕೆಳಗಿನ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ "ಓ" ಅಂದ.

"ನಿಮ್ಮನ್ನಲ್ರಿ, ನಮ್ಮನಿಯವ್ರನ್ನ. ದೊಣಿ ನೀರಿಗೆ ಹೋಗ್ಯಾರ, ಬಂದಿಲ್ರಿ."

"ಹೆಸರು ಹಿಡಿದು ಕರಿ, ಯವ್ವಾ! ರೀ ಅಂದ್ರ ಗುಡ್ಡದಾಗ ಇರೋರೆಲ್ಲಾ ಓ ಅಂತಾರ. ಲಗೂನ ಕರಿ, ಆ ದೊಣಿಗೆ ಕರಡಿನೂ ಬರ್ತಾವ."

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು, ನಾನು ಅದನ್ನು ನಂಬಿದ್ದೆ. ಕರೆದರೆ ಹಾಗೆ, ಕರೆಯದಿದ್ದರೆ ಕರಡಿ. ಕಣ್ಣು ಮುಚ್ಚಿಕೊಂಡು, ಗಂಟಲು ಹರಿಯುವ ಹಾಗೆ ಅವರ ಹೆಸರು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗುವಾಗ ದನಿ ಒಡೆದು ಅಳುವೇ ಬಂತು.

ಬಂಡೆಯ ಹಿಂದಿನಿಂದ ಚೊಂಬು ಹಿಡಿದು ಎದ್ದು ಬಂದರು. "ಮೊದಲ್ನೇ ಸಲಕ್ಕೇ ಕೇಳಿಸ್ತು. ಇನ್ನೊಮ್ಮಿ ಕರಿಲಿ ಅಂತ ಸುಮ್ನಿದ್ದೆ" ಅಂದರು, ಹಲ್ಲು ಕಿರಿಯುತ್ತ. ಬುತ್ತಿಯ ಗಂಟನ್ನೇ ಅವರ ಮೇಲೆ ಎಸೆದೆ. ನನ್ನ ಕಣ್ಣೀರು ನೋಡಿ ಅವರ ಮುಖ ಸಣ್ಣದಾಯಿತು. ಇಳಿಯುವಾಗ ಬುಡದವರೆಗೂ ನನ್ನ ಕೈ ಬಿಡಲಿಲ್ಲ.

ಅಷ್ಟಾದರೂ ಬುದ್ಧಿ ಬಂತೇ? ಮನೆಗೆ ಬಂದು ಕಾಲು ತೊಳೆಯುತ್ತಲೇ, "ಯವ್ವಾ, ನಿನ್ನ ಸೊಸಿ ಗುಡ್ಡಕ್ಕೆಲ್ಲಾ ಕೇಳೋಹಂಗ ನನ್ನ ಹೆಸರು ಕೂಗಿದ್ಲು!" ಅಂದುಬಿಟ್ಟರು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. ಅಡಿಗೆಮನೆಗೆ ಓಡಿ ಒಲೆ ಮುಂದೆ ಕೂತೆ. ಅತ್ತೆ ಹಿಂದೆಯೇ ಬಂದರು.

"ತಪ್ಪಾತ್ರಿ ಅತ್ತಿ" ಅಂದೆ.

"ಕರದ ಮ್ಯಾಲೆ ಬಂದ್ನಿಲ್ಲೋ?"

"ಬಂದ್ರು."

ಅತ್ತೆ ಪಕ್ಕದಲ್ಲಿ ಕೂತು ಒಲೆಗೆ ಕಟ್ಟಿಗೆ ಸರಿಸಿದರು. "ನಾನು ಒಂದು ದಿನಾನೂ ಕರೀಲಿಲ್ಲ ನೋಡು. ಆಯುಷ್ಯ ಉಳೀಲಿ ಅಂತ ಬಾಯಿ ಕಟ್ಟಿಕೊಂಡಿದ್ದೆ. ಆದ್ರೂ ಹೋದ್ರು."

ಆಮೇಲೆ ಬೆಂಕಿ ನೋಡುತ್ತ, ಬಹಳ ಮೆಲ್ಲಗೆ, ಮಾವನ ಹೆಸರು ಹೇಳಿದರು. ಒಂದೇ ಸಲ. ಹೇಳಿ, ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ಕಾದರು.

"ಹಿಟ್ಟಿನ ಡಬ್ಬಿ ತಾ" ಅಂದರು ಆಮೇಲೆ.