ಫಿಲೋಮಿನಮ್ಮನವರ ಸಂತರು

ಫಿಲೋಮಿನಮ್ಮನವರು ಸೂಜಿ ಚುಚ್ಚುವ ಮುಂಚೆ ಯಾರಾದರೂ ಒಬ್ಬ ಸಂತರ ಹೆಸರನ್ನು ಮೆಲ್ಲಗೆ ಕರೆಯುತ್ತಿದ್ದರು. ಗಂಟಲು ನೋವಿಗೆ ಬ್ಲೇಸಪ್ಪ, ಹಲ್ಲುನೋವಿಗೆ ಅಪೊಲೋನಿಯಮ್ಮ, ಬಸುರಿಯರಿಗೆ ಜೆರಾರ್ಡಪ್ಪ. ಬೀಗದ ಕೈ ಕಳೆದರೆ ಅಂತೋಣಿಯಪ್ಪನವರನ್ನು ಗದರುವುದೂ ಇತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಅವರು ಅಲ್ಲಿನ ಸರ್ಕಾರಿ ಆಸ್ಪತ್ರೆಯ ನರ್ಸು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಭಾನುವಾರ ಬಸ್ಸು ಹಿಡಿದು ತರೀಕೆರೆಯ ಚರ್ಚಿಗೆ ಹೋಗುತ್ತಿದ್ದರು. ಲಿಂಗಪೂಜೆಯ ಮನೆಯಿಂದ ಬಂದ ನನಗೆ ಇಷ್ಟೊಂದು ಸಂತರು ಯಾಕೆ ಅನ್ನಿಸುತ್ತಿತ್ತು.

“ದೇವ್ರನ್ನೇ ಕೇಳಬಾರ್ದಾ ಸಿಸ್ಟರ್?” ಎಂದು ಒಮ್ಮೆ ಕೇಳಿದೆ.

“ಕೇಳಬೌದು ಕಣಮ್ಮ. ಅಮಲ್ದಾರರ ಕಚೇರಿಗೆ ಒಬ್ಳೇ ಹೋಗಕ್ಕೆ ನಿಂಗೆ ಧೈರ್ಯ ಬತ್ತದಾ? ಪರಿಚಯದೋರು ಜೊತೇಲಿದ್ರೆ ಮಾತು ಹೊರಡ್ತದೆ. ಸಂತರು ಕೊಡೋರಲ್ಲ. ನಮ್ ಪರವಾಗಿ ಕೇಳೋರು.”

ಒಬ್ಬರನ್ನು ಮಾತ್ರ ಅವರು ಕರೆಯುತ್ತಿರಲಿಲ್ಲ. ಹಸಿರು ಹೊದಿಕೆ, ತಲೆಯ ಮೇಲೆ ಸಣ್ಣ ಜ್ವಾಲೆ ಇದ್ದ ಒಂದು ಪಟ ಅವರ ಮನೆಯ ಗೋಡೆಯಲ್ಲಿತ್ತು. “ಇವ್ರು ಯೂದಪ್ಪ. ಎಲ್ಲಾ ಕೈಬಿಟ್ಮೇಲೆ ಕರೆಯೋರು. ಸುಮ್‌ಸುಮ್ನೆ ಕರೀಬಾರ್ದು” ಎಂದಿದ್ದರು.

ನನ್ನ ಎರಡನೆಯ ಹೆರಿಗೆ ಆ ಆಸ್ಪತ್ರೆಯಲ್ಲೇ ಆಯಿತು. ಮಧ್ಯಾಹ್ನ ಮಗು ಹುಟ್ಟಿ ಅತ್ತಿತು. ಆದರೆ ನನಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ತರೀಕೆರೆಗೆ ಹೋಗಿದ್ದರು. ಅವರನ್ನು ಕರೆತರಲು ನನ್ನ ಗಂಡ ಯಾರದೋ ಜೀಪು ಹಿಡಿದು ಓಡಿದರು. ಫಿಲೋಮಿನಮ್ಮನವರು ಸೂಜಿಮದ್ದು ಕೊಟ್ಟು, ಎರಡೂ ಕೈಯಿಂದ ನನ್ನ ಹೊಟ್ಟೆಯನ್ನು ಒತ್ತಿ ಒತ್ತಿ ಉಜ್ಜುತ್ತಿದ್ದರು. ಬಾಯಲ್ಲಿ ಜೆರಾರ್ಡಪ್ಪನ ಹೆಸರು. ಕಾಲು ತಣ್ಣಗಾಗುತ್ತಿದ್ದರೂ ಆ ಹೆಸರು ಕೇಳಿಸುತ್ತಿರುವವರೆಗೆ ನನಗೆ ಒಂದು ಧೈರ್ಯವಿತ್ತು.

ಸ್ವಲ್ಪ ಹೊತ್ತಿನ ಮೇಲೆ ಹೆಸರು ಬದಲಾಯಿತು. “ಯೂದಪ್ಪ, ಯೂದಪ್ಪ” ಎನ್ನತೊಡಗಿದರು. ನನ್ನ ಕತೆ ಮುಗಿಯಿತು ಎಂದು ಅವರ ಬಾಯಿಂದಲೇ ಕೇಳಿದ ಹಾಗಾಯಿತು. ಮಗು ಎಲ್ಲಿ ಎಂದು ಕೇಳಲೂ ನಾಲಿಗೆ ಹೊರಳಲಿಲ್ಲ.

ತಲೆಯ ಹತ್ತಿರ ಮಗುವನ್ನು ಹಿಡಿದು ಕೂತಿದ್ದ ನಮ್ಮತ್ತೆ, “ಅದ್ಯಾರನ್ನ ಕರೀತಿದೀರಿ ಸಿಸ್ಟರ್? ನಂಗೂ ಹೇಳ್ಕೊಡಿ, ನಾನೂ ಕರೀತೀನಿ” ಎಂದರು.

ಇಬ್ಬರೂ ಕರೆದರು. ಎಷ್ಟು ಹೊತ್ತೋ ತಿಳಿಯದು. ಡಾಕ್ಟರು ಬರುವಷ್ಟರಲ್ಲಿ ರಕ್ತ ಹಿಡಿತಕ್ಕೆ ಬಂದಿತ್ತು. “ಕೈ ತೆಗೀದೆ ಒತ್ಕೊಂಡಿದ್ದಕ್ಕೇ ಉಳಿದ್ರು” ಎಂದು ಅವರು ಹೇಳಿದರಂತೆ. ಫಿಲೋಮಿನಮ್ಮನವರು ಕೈ ತೊಳೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಮ್ಮತ್ತೆ ಅಲ್ಲಿಗೇ ಕಾಫಿ ಒಯ್ದು ಕೊಟ್ಟರಂತೆ.

ನಿವೃತ್ತಿಯಾದ ಮೇಲೆ ಅವರು ಕಡೂರಿನಲ್ಲಿ ತಂಗಿಯ ಮನೆ ಸೇರಿದರು. ಕೆಲವು ವರ್ಷ ಕಳೆದು, ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೋಗುತ್ತಾರೆ ಎಂದು ತಿಳಿದು ನೋಡಲು ಹೋದೆ. ಕಡೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಂಗಿಯ ಜೊತೆ ಕೂತಿದ್ದರು. ಮುಖ ಬಾಡಿತ್ತು, ಜಪಸರವನ್ನು ಬೆರಳಿಗೆ ಸುತ್ತಿಕೊಂಡಿದ್ದರು.

“ಭಯ ಆಯ್ತದೆ ಗಿರಿಜಮ್ಮ” ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. “ಎಲ್ಲಾ ಒಬ್ಳೇ ಹೇಳಕ್ಕೆ ಉಸಿರು ಸಾಲದು. ಸಂತರ ಹೆಸ್ರು ನಾನು ಹೇಳ್ತೀನಿ. ಒಂದೊಂದಕ್ಕೂ ನೀನು ‘ನಮಗಾಗಿ ಪ್ರಾರ್ಥಿಸಿರಿ’ ಅನ್ನು. ಅಷ್ಟು ಸಾಕು.”

ಅವರು ಹೇಳಿದರು, ನಾನು ಅಂದೆ. ಜನ ತಿರುಗಿ ನೋಡುತ್ತಿದ್ದರು. ನಡುವೆಯೇ ಶಿವಮೊಗ್ಗದ ಬಸ್ಸು ಬಂತು. ತಂಗಿ ತೋಳು ಹಿಡಿದು ಹತ್ತಿಸಿದರು. ಕಿಟಕಿಯಿಂದ ಬಗ್ಗಿ, “ಇನ್ನೂ ಬಾಳ ಹೆಸ್ರು ಅವೆ ಕಣಮ್ಮ. ಉಳಿದಿದ್ದು ನೀನೇ ಹೇಳು” ಎಂದರು.

ಶಿವಮೊಗ್ಗದಿಂದ ಅವರು ತಿರುಗಿ ಬರಲಿಲ್ಲ.

ಉಳಿದ ಹೆಸರುಗಳು ನನಗೆ ಗೊತ್ತಿರಲಿಲ್ಲ. ಅವತ್ತು ಬಸ್ಸು ಮರೆಯಾದ ಮೇಲೂ ಆ ಬೆಂಚಿನ ಪಕ್ಕ ನಿಂತು, ಯಾರ ಹೆಸರನ್ನೂ ಹಿಡಿಯದೆ, ‘ನಮಗಾಗಿ ಪ್ರಾರ್ಥಿಸಿರಿ, ನಮಗಾಗಿ ಪ್ರಾರ್ಥಿಸಿರಿ’ ಎಂದಷ್ಟೇ ಹೇಳುತ್ತಿದ್ದೆ.