ಪುಟ್ಟಗೌರಮ್ಮ ಮುದ್ದೆ ಬಿಟ್ಟದ್ದು

ನನ್ನ ಓರಗಿತ್ತಿ ಪುಟ್ಟಗೌರಮ್ಮ ಹರಕೆ ಹೊತ್ತದ್ದರಲ್ಲಿ ತಪ್ಪಿರಲಿಲ್ಲ. ಹೊರುವ ಮೊದಲು ನನ್ನನ್ನು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ, ಅಷ್ಟೆ. ನಮ್ಮೂರು ಹೊಣಕೆರೆ ಹೋಬಳಿಯಲ್ಲಿದೆ. ಒಂದೇ ಮನೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದಾರೆ. ಆ ಕಡೆ ಅಕ್ಕ, ಅಂದರೆ ಪುಟ್ಟಗೌರಮ್ಮ, ಮತ್ತು ಅವಳ ಗಂಡ ಹೊನ್ನಪ್ಪ ಭಾವ. ಈ ಕಡೆ ನಾನು ಪ್ರಮೀಳಾ, ನನ್ನ ಮಗಳು ರಂಜಿತ. ಗೋಡೆ ಇರುವುದು ಕಂದಾಯದವರಿಗೆ ತೋರಿಸುವುದಕ್ಕೆ ಮಾತ್ರ. ಸಾರಿನ ಬಟ್ಟಲು ದಿನಾ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ.

ಅಕ್ಕನ ಒಬ್ಬನೇ ಮಗ ಚಲುವರಾಜು ನೌಕಾಪಡೆಯಲ್ಲಿದ್ದಾನೆ. ಹೋದ ವರ್ಷ ಅವನನ್ನು ದೊಡ್ಡದೊಂದು ಯುದ್ಧದ ಹಡಗಿಗೆ ಹಾಕಿದರು. ಅದಕ್ಕೆ ಡಿಸ್ಟ್ರಾಯರ್ ಎನ್ನುತ್ತಾರಂತೆ. ಹಾಗಂದರೇನು ಎಂದು ರಂಜಿತ ಅಕ್ಕನಿಗೆ ಬಿಡಿಸಿ ಹೇಳಿದಳು.

“ನಾಶ ಮಾಡೋ ಅಡಗಾ? ಅದ್ರೊಳಗೆ ನನ್ ಮಗ ಯಾಕವ್ನೆ?”

“ಶತ್ರುಗಳ್ನ ನಾಶ ಮಾಡೋದು ದೊಡ್ಡವ್ವ.”

“ಅಂಗಾರೆ ಅವ್ರೂ ಇದ್ನ ನಾಶ ಮಾಡಕ್ಕೆ ನೋಡ್ತಾರಲ್ಲವ್ವ?”

ಭಾವ ಎದ್ದು ದನಕ್ಕೆ ನೀರು ತೋರಿಸಲು ಹೋದರು.

ಆ ಹಡಗು ಸಮುದ್ರಕ್ಕೆ ಹೊರಟರೆ ಎಲ್ಲಿಗೆ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಮನೆಯವರಿಗೂ ಹೇಳುವಂತಿಲ್ಲ. “ನಾಳೆಯಿಂದ ಫೋನ್ ಇರಲ್ಲ ಕಣವ್ವ” ಎಂದಷ್ಟೇ ಚಲುವ ಹೇಳುತ್ತಿದ್ದ. ಮೊದಲ ಸಲ ಹಾಗೆ ಹೇಳಿದಾಗ ಅಕ್ಕ ಮನೆದೇವರ ಪಟದ ಮುಂದೆ ನಿಂತು, ಮಗ ನೆಲದ ಮೇಲೆ ಕಾಲಿಡುವವರೆಗೂ ಮುದ್ದೆ ಮುಟ್ಟುವುದಿಲ್ಲ ಎಂದುಬಿಟ್ಟಳು. ಬೇರೆ ಸೀಮೆಯವರಿಗೆ ಇದು ಸಣ್ಣ ವಿಷಯ. ಊಟ ಆಯಿತೇ ಎನ್ನುವ ಬದಲು “ಇಟ್ಟುಂಡ್ಯಾ”, ಅಂದರೆ ಮುದ್ದೆ ಉಂಡೆಯಾ, ಎಂದು ಕೇಳುವ ಜನ ನಾವು; ನಮಗೆ ಅನ್ನ ತಿಂದದ್ದು ಊಟದ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣೆದುರು ಇದ್ದರೆ ಆಸೆಯಾಗುತ್ತದೆ ಎಂದು ಅಕ್ಕ ಮನೆಯಲ್ಲಿ ಮುದ್ದೆ ಮಾಡುವುದನ್ನೇ ನಿಲ್ಲಿಸಿದಳು. ಪಾಪ, ಭಾವ ತಟ್ಟೆ ಹಿಡಿದು ನಮ್ಮ ಅಡುಗೆಮನೆಗೆ ಬರತೊಡಗಿದರು.

“ದೇವ್ರಿಗೆ ಮಾತು ಕೊಟ್ಟೋಳು ಅವ್ಳು, ಅಲೆಯೋನು ನಾನು ನೋಡವ್ವ” ಎಂದು ಗೊಣಗುತ್ತಲೇ ಎರಡು ಮುದ್ದೆ ಉಂಡು ಹೋಗುತ್ತಿದ್ದರು.

ಮೊದಮೊದಲು ಎಲ್ಲ ಸಲೀಸಾಗಿಯೇ ನಡೆಯಿತು. ಚಲುವ ಫೋನು ಮಾಡಿದನೆಂದರೆ ಹಡಗಿನಿಂದ ಇಳಿದಿದ್ದಾನೆ. ಅಕ್ಕ ಮುದ್ದೆ ಉಣ್ಣುವಳು. ಮತ್ತೆ ಹೊರಟನೆಂದರೆ ಮತ್ತೆ ಬಿಡುವಳು. ಫೋನು ಬಂದರೆ ನೆಲ, ಬಾರದಿದ್ದರೆ ನೀರು. ಇದಿಷ್ಟೇ ಅವಳ ಕಾನೂನು. ಹರಕೆಯ ಸುದ್ದಿ ಮಾತ್ರ ಮಗನ ಕಿವಿಗೆ ಬೀಳಬಾರದೆಂದು ನಮ್ಮೆಲ್ಲರಿಂದ ಭಾಷೆ ತೆಗೆದುಕೊಂಡಿದ್ದಳು.

ಈ ಸಲ ಬಹಳ ದಿನ ಫೋನಿರಲಿಲ್ಲ. ಅಕ್ಕನ ರವಿಕೆ ಸಡಿಲವಾಗಿ ತೋಳು ಜಾರುತ್ತಿತ್ತು. ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು. “ಅವ್ವಾ, ಚೆನ್ನಾಗಿವ್ನಿ, ನೀನೆಂಗಿದ್ದೀಯಾ” ಎನ್ನುವಷ್ಟರಲ್ಲಿ ಕಟ್ಟಾಯಿತು. ಅಷ್ಟೇ ಸಾಕಾಯಿತು ಅವಳಿಗೆ. ನಮ್ಮ ಮನೆಗೆ ಓಡಿ ಬಂದಳು. ನಾನು ಬಿಸಿ ಮುದ್ದೆ ಇಟ್ಟು ಬಸ್ಸಾರು ಬಿಟ್ಟೆ. ಕಣ್ಣು ಮುಚ್ಚಿಕೊಂಡು ನುಂಗಿದಳು. ಅವಳು ಹಾಗೆ ಉಂಡದ್ದನ್ನು ನೋಡಿ ನನಗೇ ಹೊಟ್ಟೆ ತುಂಬಿತು.

ಸಂಜೆ ನಾಗಮಂಗಲದ ಕಾಲೇಜಿನಿಂದ ಬಂದ ರಂಜಿತ ಫೋನು ನೋಡಿದಳು. “ದೊಡ್ಡವ್ವ, ಇದು ಅಣ್ಣನ ನಂಬರಲ್ಲ. ಅಡಗಲ್ಲೇ ಒಂದು ಸ್ಯಾಟಲೈಟ್ ಫೋನಿರ್ತದಂತೆ. ಅದ್ರಿಂದ ಮಾಡಿರ್ಬೇಕು” ಎಂದಳು. ನನ್ನ ಮಗಳ ಬಾಯಿಗೆ ಬೀಗ ಹಾಕಬೇಕಿತ್ತು.

ಅಕ್ಕನ ಮುಖ ಇಳಿದುಹೋಯಿತು. “ಅಂಗಾರೆ ಅವ್ನು ನೆಲದ ಮ್ಯಾಲಿರ್ಲಿಲ್ವಾ?”

“ಗೊತ್ತಿಲ್ಲ ದೊಡ್ಡವ್ವ. ಇದ್ರೂ ಇರ್ಬೋದು.”

ಭಾವ ಸಮಾಧಾನ ಹೇಳಲು ಬಂದರು. “ದಡದತ್ರ ಲಂಗರು ಹಾಕಿರ್ಬೋದು ಕಣಮ್ಮಿ. ಲಂಗರು ಓಗಿ ಕೂರೋದು ನೆಲದ ಮ್ಯಾಲೆ ತಾನೆ? ಅದೂ ನೆಲ ಮುಟ್ದಂಗೇ.”

“ನಾನು ಅರಕೆ ಒತ್ತಿರೋದು ನನ್ ಮಗನ ಕಾಲಿಗೆ, ಲಂಗರಿಗಲ್ಲ” ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು.

ಮಾರನೆಯ ದಿನವೇ ಟಿವಿಯಲ್ಲಿ ಒಂದು ಹಡಗು ಉರಿಯುವುದನ್ನು ತೋರಿಸಬೇಕೇ! ಯಾವುದೋ ದೇಶದ ಸರಕಿನ ಹಡಗಂತೆ. ಬೆಂಕಿ ಆರಿಸಲು ನಮ್ಮ ನೌಕಾಪಡೆಯ ಹಡಗು ಹೋಗಿದೆಯಂತೆ. ಯಾವ ಹಡಗು ಎಂದು ಹೇಳಿದರೋ ಇಲ್ಲವೋ, ಅಕ್ಕನ ಗೋಳಿನಲ್ಲಿ ನಮಗೆ ಕೇಳಿಸಲಿಲ್ಲ. ಉರಿಯುವ ಹಡಗು ಒಂದು, ಆರಿಸುವ ಹಡಗು ಇನ್ನೊಂದು ಎಂದು ರಂಜಿತ ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಯಲ್ಲಿ ಎರಡೂ ಒಂದಾಗಿಬಿಟ್ಟಿದ್ದವು.

“ನಾನಿಲ್ಲಿ ನುಂಗ್ದೆ, ಅಲ್ಲಿ ಬೆಂಕಿ ಬಿತ್ತು” ಎಂದು ಹಣೆ ಹಣೆ ಚಚ್ಚಿಕೊಂಡಳು. ಅನ್ನವನ್ನೂ ಬಿಟ್ಟಳು.

“ನಿನ್ ಒಂದ್ ಮುದ್ದೆಗೆ ಸಮುದ್ರದಲ್ಲಿ ಬೆಂಕಿ ಬೀಳ್ತದಾ? ಬುದ್ಧಿಗಿದ್ಧಿ ಐತಾ ನಿಂಗೆ?” ಎಂದು ನಾನು ರೇಗಿದೆ. ರೇಗಿದೆನೇನೋ ಸರಿ. ಆದರೆ ಬಡಿಸಿದವಳು ನಾನೇ ಅಲ್ಲವೇ ಎಂದು ನನಗೂ ಅಳುಕಿತ್ತು. ನಂಬಿಕೆ ಇಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ಆ ದಿನಗಳಲ್ಲಿ ನನಗೆ ಏನು ನಂಬಬೇಕೆಂದೇ ತಿಳಿಯಲಿಲ್ಲ, ನನ್ನ ತಟ್ಟೆಯ ಮುದ್ದೆಯೂ ಹಾಗೇ ಉಳಿಯುತ್ತಿತ್ತು.

ಕೊನೆಗೆ ಒಂದು ಸಂಜೆ ವೀಡಿಯೋ ಕಾಲ್ ಬಂತು. ಚಲುವನ ಮುಖ ಕಪ್ಪಿಟ್ಟಿತ್ತು, ಗಡ್ಡ ಬೆಳೆದಿತ್ತು, ಹಿಂದೆ ಮುಂಬಯಿಯ ಯಾವುದೋ ರಸ್ತೆ. ನಾವೆಲ್ಲ ಒಟ್ಟಿಗೆ ಕೂಗಿಕೊಂಡೆವು. ಅಕ್ಕ ಮಾತ್ರ ಫೋನು ಕಿತ್ತುಕೊಂಡು, “ಮೊದ್ಲು ಕಾಲು ತೋರ್ಸ್ಲಾ” ಎಂದಳು.

“ಏನವ್ವಾ?”

“ಕಾಲು ತೋರ್ಸ್ಲಾ ಅಂದೆ!”

ಅವನು ಗಲಿಬಿಲಿಯಾಗಿ ಫೋನನ್ನು ಕೆಳಗೆ ತಿರುಗಿಸಿದ. ಹವಾಯಿ ಚಪ್ಪಲಿ, ಕೆಳಗೆ ಮಣ್ಣು. ಅಕ್ಕ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿದಳು: “ಅವತ್ತು ಫೋನ್ ಮಾಡ್ದಾಗ ನೀನು ನೆಲದ ಮ್ಯಾಲಿದ್ಯಾ, ನೀರಿನ ಮ್ಯಾಲಿದ್ಯಾ?”

“ಅದ್ನೆಲ್ಲ ಹೇಳಂಗಿಲ್ಲ ಕಣವ್ವ.”

“ಆ ಬೆಂಕಿ ಬಿದ್ದಿದ್ದು?”

“ಅದೂ ಅಷ್ಟೇಯ. ನಾನು ಚೆನ್ನಾಗಿವ್ನಲ್ಲ, ಬುಡು.”

ಅಕ್ಕನಿಗೆ ತಡೆಯಲಾಗಲಿಲ್ಲ. ಹರಕೆ, ಮುದ್ದೆ, ಅಪ್ಪ ತಟ್ಟೆ ಹಿಡಿದು ಗೋಡೆ ದಾಟಿದ್ದು, ಎಲ್ಲವನ್ನೂ ಅತ್ತುಕೊಂಡು ಒದರಿಬಿಟ್ಟಳು. ಚಲುವ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ.

“ಅವ್ವಾ, ಅಲ್ಲಿ ಯಾವ ಕಡೆ ತಿರುಗಿದ್ರೂ ನೀರೇಯ. ಎಲ್ಲಿದ್ದೀವಿ ಅಂತ ಎಷ್ಟೋ ಸಲ ನಂಗೇ ಗೊತ್ತಾಗಲ್ಲ. ಡ್ಯೂಟಿ ಮುಗ್ಸಿ ಕೂತಾಗ, ಈಗ ನಮ್ಮವ್ವ ಎಸರಿಕ್ಕವ್ಳೆ, ಈಗ ಇಟ್ಟು ತೊಳಸ್ತಾವ್ಳೆ, ಅಪ್ಪ ಕೈ ತೊಳ್ಕಂಡು ಬಂದು ಕೂತವ್ನೆ ಅಂದ್ಕತೀನಿ. ಅಲ್ಲಿ ನಂಗೆ ಖಚಿತವಾಗಿ ಗೊತ್ತಿದ್ದಿದ್ದು ಅದೊಂದೇಯ. ಅದ್ನೇ ನಿಲ್ಲಿಸ್ಬುಟ್ಟಿದ್ಯಾ?”

ಭಾವ ಟವೆಲಿನಿಂದ ಮುಖ ಒರೆಸಿಕೊಂಡರು.

ಸ್ವಲ್ಪ ದಿನಕ್ಕೆ ಹಡಗು ಮತ್ತೆ ಹೊರಟಿತು. ಇನ್ನು ಫೋನಿಲ್ಲ ಎಂದು ಚಲುವ ಹೇಳಿದ. ಅಂದು ದೀಪ ಹಚ್ಚುವ ಹೊತ್ತಿಗೆ ನಾನು ಗೋಡೆಯಾಚೆ ಹೋದಾಗ, ಅಕ್ಕ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆಯ ದುಡ್ಡು ಕಟ್ಟಿ ದೇವರ ಮುಂದೆ ಇಟ್ಟಿದ್ದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

“ಅಕ್ಕಾ, ಅವ್ನು ನೀರಿನ ಮ್ಯಾಲವ್ನೆ. ಅರಕೆ?” ಎಂದೆ.

ರಾಗಿ ಹಿಟ್ಟು ಸುರಿಯುತ್ತ ಅವಳು ನನ್ನ ಕಡೆ ತಿರುಗಲೂ ಇಲ್ಲ. “ಸರಿಯೋ ತಪ್ಪೋ ನಂಗೊತ್ತಿಲ್ಲ ಕಣಮ್ಮಿ. ಅವ್ನೆಲ್ಲವ್ನೆ ಅಂತ್ಲೂ ನಂಗೊತ್ತಿಲ್ಲ. ನಾನೆಲ್ಲಿವ್ನಿ ಅಂತ ಅವ್ನಿಗಾದ್ರೂ ಗೊತ್ತಿರ್ಲಿ” ಎಂದಳು.